ಮೊದಲ ಕೈಬಂದೂಕು: .32 ರಿವಾಲ್ವರೋ, .32 ಪಿಸ್ತೂಲೋ?

ಲೈಸೆನ್ಸ್ ಸಿಕ್ಕ ಕೂಡಲೇ ಬಂದೂಕಿನಂಗಡಿಗೆ ಹೋಗುವವರು ಹೆಚ್ಚಾಗಿ ಕೇಳುವ ಪ್ರಶ್ನೆ ‘ಯಾವುದು ಜಾಮ್ ಆಗೋದಿಲ್ಲ?’ ಎಂಬುದು. ಅದನ್ನು ಕೇಳುವ ಮೊದಲು ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ಒಂದು ಸಂಖ್ಯೆಯನ್ನು ನೋಡಿಕೊಳ್ಳಬೇಕು: ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು ಎಂಬುದು. ರಿವಾಲ್ವರ್ ತೆಗೆದುಕೊಳ್ಳಬೇಕೋ ಪಿಸ್ತೂಲು ತೆಗೆದುಕೊಳ್ಳಬೇಕೋ ಎನ್ನುವುದು ನಮ್ಮ ದೇಶದಲ್ಲಿ ಮುಕ್ಕಾಲು ಪಾಲು ಆ ಸಂಖ್ಯೆಯ ಮೇಲೆಯೇ ನಿಂತಿದೆ. ಅಮೆರಿಕದ ವಿಡಿಯೊ ನೋಡಿ ಆರಿಸಿಕೊಂಡವರು ಎಡವುವುದೂ ಇಲ್ಲೇ. ಅಲ್ಲಿ ಒಂದು ಮಧ್ಯಾಹ್ನದಲ್ಲಿ ಹಾರಿಸುವಷ್ಟು ತೋಟೆ ಇಲ್ಲಿನ ಲೈಸೆನ್ಸ್‌ದಾರನಿಗೆ ಎಷ್ಟೋ ವರ್ಷಗಳ ಪಾಲು.

ಅಂಗಡಿಯಲ್ಲಿ ಆಯ್ಕೆಗೆ ಸಿಗುವುದೂ ಹೆಚ್ಚೇನಿಲ್ಲ. 9 ಎಂಎಂ ಮುಂತಾದವು ಸಾಮಾನ್ಯ ಲೈಸೆನ್ಸಿಗೆ ಸಿಗುವ ಬೋರುಗಳಲ್ಲ (ಬೋರು ಎಂದರೆ ನಳಿಗೆಯ ಒಳ ಅಗಲ; .32 ಎಂಬುದು ಇಂಚಿನ ಲೆಕ್ಕ). ವಿದೇಶಿ ಕೈಬಂದೂಕುಗಳ ವಾಣಿಜ್ಯ ಆಮದು 1980ರ ದಶಕದ ಮಧ್ಯಭಾಗದಲ್ಲೇ ನಿಂತಿತು. ಹಾಗಾಗಿ ಹಳೆಯ ವಾಲ್ಥರ್, ವೆಬ್ಲಿ, ಸ್ಮಿತ್ ಅಂಡ್ ವೆಸನ್‌ಗಳು ಕೈಯಿಂದ ಕೈಗೆ ಹಲವು ಲಕ್ಷಕ್ಕೆ ಹೋಗುತ್ತವೆ. ಉಳಿದವರ ಪಾಲಿಗಿರುವುದು ಮುಖ್ಯವಾಗಿ ಎರಡು ಬಗೆ. ಒಂದು, ತಿರುಗುವ ಸಿಲಿಂಡರಿನಲ್ಲಿ ಆರು ತೋಟೆ ತುಂಬುವ .32 ರಿವಾಲ್ವರ್: ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಮಾರ್ಕ್ 3 ಮತ್ತು ಅದರ ತಮ್ಮಂದಿರು, 2014ರಲ್ಲಿ ಬಂದ ನಿರ್ಭೀಕ್, 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಪ್ರಬಲ್. ಇನ್ನೊಂದು, ಹಿಡಿಯೊಳಗೆ ಕೂರುವ ಮ್ಯಾಗಝಿನ್ ಎಂಬ ಡಬ್ಬಿಯಲ್ಲಿ ತೋಟೆ ತುಂಬುವ .32 ಪಿಸ್ತೂಲು, ಅಂದರೆ ಮುಖ್ಯವಾಗಿ ಅಶನಿ. ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ (ಸರ್ಕಾರಿ ಶಸ್ತ್ರ ಕಾರ್ಖಾನೆಗಳ ಮಂಡಳಿ) 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದ ಮೇಲೆ ಬಂದೂಕಿನ ಕಾರ್ಖಾನೆಗಳು ಎಡಬ್ಲ್ಯುಇಐಎಲ್ (ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್) ಎಂಬ ಹೆಸರಿನಡಿ ಬಂದವು. ಜನ ಮಾತ್ರ ಈಗಲೂ ‘ಐಓಎಫ್ (ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿ) ಮಾಲು’ ಎನ್ನುತ್ತಾರೆ.

ಎರಡೂ .32 ಎಂದ ಮಾತ್ರಕ್ಕೆ ತೋಟೆ ಒಂದೇ ಅಲ್ಲ. ಹೊಸಬರು ಇದನ್ನು ಮೊದಲು ತಿಳಿಯಬೇಕು. ರಿವಾಲ್ವರಿಗೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯು ಲಾಂಗ್. ಕೇಸಿನ (ಮದ್ದು ತುಂಬಿರುವ ಲೋಹದ ಕೊಳವೆಯ) ಉದ್ದ ಸುಮಾರು 23 ಎಂಎಂ, ಬುಡದಲ್ಲಿ ಅಗಲವಾದ ಅಂಚು, ಸುಮಾರು 6.3 ಗ್ರಾಂ ತೂಕದ ಸೀಸದ ಗುಂಡು. ಪಿಸ್ತೂಲಿಗೆ .32 ಎಸಿಪಿ, ಕೇಸು 17 ಎಂಎಂ, ಗುಂಡು 4.6 ಗ್ರಾಂ, ಮೇಲೆ ತಾಮ್ರದ ಹೊದಿಕೆ. ಒಂದು ಭಾರವಾಗಿ ನಿಧಾನ ಹೋಗುತ್ತದೆ, ಇನ್ನೊಂದು ಹಗುರವಾಗಿ ಬೇಗ ಹೋಗುತ್ತದೆ. ಒಟ್ಟು ಶಕ್ತಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಷ್ಟು ಅಂತರವಿಲ್ಲ. ಎಸಿಪಿ ತೋಟೆ ಕೆಲವು ರಿವಾಲ್ವರಿನ ಸಿಲಿಂಡರಿನಲ್ಲಿ ಕೂರುವುದೂ ಉಂಟು. ಕೂರುತ್ತದೆಂದು ಹಾರಿಸಬಾರದು. ಅದರ ಒತ್ತಡ ಹೆಚ್ಚು, ಬುಡದ ಅಂಚು ಚಿಕ್ಕದು. ಹಿಡಿತ ಸಿಗದೆ ಕೇಸು ಸೀಳಿದರೆ ಬಿಸಿ ಗಾಳಿ ಹಿಂದಕ್ಕೆ ಬರುತ್ತದೆ. ತೋಟೆ ಕೊಳ್ಳುವಾಗ ಬಿಲ್ಲಿನಲ್ಲಿ ಬರೀ ‘.32’ ಎಂದು ಬರೆಸದೆ ಪೂರ್ತಿ ಹೆಸರು ಬರೆಸಿ, ಡಬ್ಬಿಯ ಮೇಲಿನ ಹೆಸರಿನೊಂದಿಗೆ ಅಂಗಡಿಯಲ್ಲೇ ತಾಳೆ ನೋಡಿ. ಪುಣೆಯ ಖಡ್ಕಿಯ ಕಾರ್ಖಾನೆಯ ತೋಟೆಗಳ ಬುಡದಲ್ಲಿ ‘ಕೆಎಫ್’ ಗುರುತು ಇರುತ್ತದೆ.

ಈಗ ರಿವಾಲ್ವರು. ಮಾರ್ಕ್ 3 ಮತ್ತು ನಿರ್ಭೀಕ್ ಎರಡೂ ಬ್ರಿಟನ್ನಿನ ವೆಬ್ಲಿ ಮನೆತನದವು. ಎಡಬದಿಯ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿ ಬಾಗುತ್ತದೆ, ಸಿಲಿಂಡರಿನ ನಡುವಿನ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದು ಆರೂ ತೋಟೆಗಳನ್ನು ಒಟ್ಟಿಗೆ ಎತ್ತುತ್ತದೆ. ನಳಿಗೆ 76 ಎಂಎಂ. ಮಾರ್ಕ್ 3 ಸುಮಾರು 700 ಗ್ರಾಂ. ನಿರ್ಭೀಕ್ ಟೈಟೇನಿಯಂ ಮಿಶ್ರಲೋಹದ್ದಾದ್ದರಿಂದ ಸುಮಾರು 500 ಗ್ರಾಂ. ಬಿಡುಗಡೆಯಾದಾಗ ಬೆಲೆ 1.22 ಲಕ್ಷ ರೂಪಾಯಿ ಇತ್ತು, ಹೆಂಗಸರ ರಿವಾಲ್ವರ್ ಎಂದೇ ಪ್ರಚಾರ ಮಾಡಿದರು. ಈ ಪ್ರಚಾರವನ್ನು ಒಪ್ಪುವುದು ಕಷ್ಟ. ಬ್ಯಾಗಿನಲ್ಲಿ ಹೊರುವಾಗ 200 ಗ್ರಾಂ ಕಡಿಮೆಯಾದದ್ದು ಹಿತವೇ. ಆದರೆ ಟ್ರಿಗರ್ ಎಳೆಯುವಾಗ ಅದೇ ಹಗುರತನ ತೊಂದರೆ. ಗಟ್ಟಿ ಟ್ರಿಗರನ್ನು ಹಗುರ ಬಂದೂಕಿನಲ್ಲಿ ಎಳೆದರೆ ಮೂತಿ ಅಲ್ಲಾಡುತ್ತದೆ, ಗುಂಡು ಅಡ್ಡ ಹೋಗುತ್ತದೆ. ಕೈಯಲ್ಲಿ ಬಲ ಕಡಿಮೆ ಇರುವವರಿಗೇ 700 ಗ್ರಾಮಿನದು ಮೇಲು.

ಪ್ರಬಲ್ ಈ ಸಾಲಿನಲ್ಲಿ ನಿಜವಾಗಿ ಒಂದು ಹೆಜ್ಜೆ ಮುಂದೆ ಹೋಗಿದೆ. ನಳಿಗೆ ಮಡಚುವ ಬದಲು ಸಿಲಿಂಡರು ಪಕ್ಕಕ್ಕೆ ಹೊರಳುತ್ತದೆ. ತೋಟೆಯಿಲ್ಲದೆ ತೂಕ 700 ಗ್ರಾಂ, ನಳಿಗೆ 76 ಎಂಎಂ, ಒಟ್ಟು ಉದ್ದ 177.6 ಎಂಎಂ. ಚೌಕಟ್ಟು ಒಂದೇ ತುಂಡಾದ್ದರಿಂದ ಮಡಚುವ ಮಾದರಿಗಳ ಹಾಗೆ ವರ್ಷಗಳ ಮೇಲೆ ಕೀಲು ಸಡಿಲವಾಗುವ ಭಯವಿಲ್ಲ. ಕಂಪನಿ ಹೇಳುವ 50 ಮೀಟರ್ ವ್ಯಾಪ್ತಿಯನ್ನು ನೋಡಿ ಮಾತ್ರ ಕೊಳ್ಳಬೇಡಿ. ಮೂರು ಇಂಚಿನ ನಳಿಗೆ, ಒಂದಕ್ಕೊಂದು ಹತ್ತಿರವಿರುವ, ಗುರಿ ಹಿಡಿಯುವ ಸೈಟುಗಳು. ಕಲಿಯುವವರು 7 ಮೀಟರಿನಲ್ಲಿ ಆರಕ್ಕೆ ಆರು ಗುಂಡನ್ನು ಅಂಗೈಯಗಲದಲ್ಲಿ ಇಟ್ಟರೆ ಅದೇ ದೊಡ್ಡ ಸಾಧನೆ.

ರಿವಾಲ್ವರು ಕೆಡುವುದೇ ಇಲ್ಲ ಎಂಬ ಮಾತು ಸುಳ್ಳು. ಕೆಡುವ ಬಗೆ ಬೇರೆ, ಅಷ್ಟೆ. ಸುಡದೆ ಉಳಿದ ಮದ್ದಿನ ಚೂರು ಎಕ್ಸ್‌ಟ್ರಾಕ್ಟರಿನ ನಕ್ಷತ್ರದ ಅಡಿಗೆ ಸಿಕ್ಕಿಕೊಂಡರೆ ತೋಟೆಗಳು ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತವೆ. ಸಿಲಿಂಡರು ತಿರುಗುವುದಿಲ್ಲ, ಇಲ್ಲವೇ ಮುಚ್ಚುವುದೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಕ್ಷತ್ರದ ಅಡಿಭಾಗವನ್ನು ಪ್ರತಿ ಸಲ ಉಜ್ಜಿದರೆ ಸಾಕು. ಮಡಚುವ ಮಾದರಿಯನ್ನು ಮೆಲ್ಲಗೆ ತೆರೆದರೆ ಒಂದು ಖಾಲಿ ಕೇಸು ಜಾರಿ ಮತ್ತೆ ನಕ್ಷತ್ರದ ಅಡಿಗೆ ಬೀಳುತ್ತದೆ, ಆಮೇಲೆ ಅದನ್ನು ಉಗುರಿನಿಂದ ಕೀಳಬೇಕು. ಒಂದೇ ಏಟಿಗೆ ಪೂರ್ತಿ ತೆರೆದು ಪಕ್ಕಕ್ಕೆ ಓರೆ ಮಾಡಿದರೆ ಈ ರಗಳೆ ಇಲ್ಲ. ಹಾರಿಸದ ತೋಟೆಗಳೂ ಜೊತೆಯಲ್ಲೇ ಮೇಲೆದ್ದು ಬರುತ್ತವೆ, ಅಂಗೈ ಅಡ್ಡ ಹಿಡಿಯದಿದ್ದರೆ ನೆಲಕ್ಕೆ. ಪ್ರಬಲ್‌ನಂಥ ಪಕ್ಕಕ್ಕೆ ಹೊರಳುವ ಮಾದರಿಯಲ್ಲಾದರೆ ಮೂತಿಯನ್ನು ಮೇಲಕ್ಕೆ ಮಾಡಿ ಎಜೆಕ್ಟರ್ ಕಡ್ಡಿಯನ್ನು ಕೊನೆಯವರೆಗೂ ಒತ್ತಬೇಕು. ಅರ್ಧ ಒತ್ತುವುದೇ ಹೊಸಬರ ತಪ್ಪು.

ಇನ್ನೊಂದು ಎಚ್ಚರಿಕೆ ಬೆರಳಿನದು. ಸಿಲಿಂಡರಿಗೂ ನಳಿಗೆಗೂ ನಡುವೆ ಕಾಗದ ನುಸುಳುವಷ್ಟು ಸಂದಿರುತ್ತದೆ. ಪ್ರತಿ ಹೊಡೆತಕ್ಕೂ ಅಲ್ಲಿಂದ ಬೆಂಕಿ, ಸೀಸದ ಚೂರು ಹೊರಬರುತ್ತವೆ. ಪಿಸ್ತೂಲು ಹಿಡಿಯುವ ಹಾಗೆ ಎಡ ಹೆಬ್ಬೆರಳನ್ನು ಮುಂದಕ್ಕೆ ಚಾಚಿದರೆ ಸುಡುತ್ತದೆ, ಕುಯ್ಯುತ್ತದೆ. ರಿವಾಲ್ವರಿನಲ್ಲಿ ಎರಡೂ ಹೆಬ್ಬೆರಳು ಸಿಲಿಂಡರಿನ ಹಿಂದೆಯೇ ಇರಬೇಕು.

ಪಿಸ್ತೂಲಿನ ಗುಣಗಳೂ ಚಿಕ್ಕವಲ್ಲ. ಚಪ್ಪಟೆ, ಅಂಗಿಯ ಕೆಳಗೆ ಉಬ್ಬಿ ಕಾಣದು. ಮಾದರಿಗೆ ತಕ್ಕಂತೆ ಮ್ಯಾಗಝಿನ್‌ನಲ್ಲಿ 7 ಅಥವಾ 8 ತೋಟೆ. ರಿವಾಲ್ವರಿಗಿಂತ ಟ್ರಿಗರ್ ಹಗುರವಾಗಿರುವುದರಿಂದ, ಅಭ್ಯಾಸವಿರುವವರ ಕೈಯಲ್ಲಿ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಆದರೆ ಈ .32 ಎಸಿಪಿ ಪಿಸ್ತೂಲುಗಳು ಹೆಚ್ಚುಕಮ್ಮಿ ಎಲ್ಲವೂ ಬ್ಲೋಬ್ಯಾಕ್ ಬಗೆಯವು. ಸ್ಲೈಡನ್ನು, ಅಂದರೆ ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಓಡುವ ಮೇಲ್ಭಾಗವನ್ನು, ಹಿಡಿದಿಡುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಅದಕ್ಕೇ ಬಂದೂಕು ಚಿಕ್ಕದಿದ್ದರೂ ಸ್ಪ್ರಿಂಗ್ ಗಟ್ಟಿ. ಅರವತ್ತು ದಾಟಿದವರಿಗೆ, ಕೈಗಂಟು ನೋವಿರುವವರಿಗೆ ಸ್ಲೈಡ್ ಎಳೆಯುವುದೇ ಆಗುವುದಿಲ್ಲ. ಅಂಗಡಿಯಲ್ಲಿ ಖಾಲಿ ಪಿಸ್ತೂಲಿನ ಸ್ಲೈಡನ್ನು ಒಂದರ ಹಿಂದೊಂದು ಹತ್ತು ಸಲ ಪೂರ್ತಿ ಎಳೆದು ಬಿಡಿ. ಹತ್ತನೆಯ ಸಲವೂ ಮೂತಿ ನೆಲದತ್ತಲೇ ಇದ್ದರೆ ಸರಿ, ಅತ್ತಿತ್ತ ಅಲೆದರೆ ಆ ಬಂದೂಕು ನಿಮ್ಮದಲ್ಲ.

ಜಾಮ್ ಆಗುವುದು ಯಾಕೆ? ಮಣಿಕಟ್ಟು ಸಡಿಲವಿದ್ದರೆ ಸ್ಲೈಡಿನ ಜೊತೆಗೆ ಇಡೀ ಬಂದೂಕೇ ಹಿಂದೆ ಸರಿಯುತ್ತದೆ, ಸ್ಲೈಡು ಪೂರ್ತಿ ದೂರ ಓಡುವುದಿಲ್ಲ, ಖಾಲಿ ಕೇಸು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮ್ಯಾಗಝಿನ್‌ನ ಮೇಲ್ತುಟಿಗಳು ಒಮ್ಮೆ ಕೆಳಗೆ ಬಿದ್ದು ಬಾಗಿದರೂ ತೋಟೆ ಓರೆಯಾಗಿ ಏಳುತ್ತದೆ. ಮೂರನೆಯದು ಈ ತೋಟೆಗೇ ಅಂಟಿದ ದೋಷ: .32 ಎಸಿಪಿಯ ಬುಡದಲ್ಲಿ ಸಣ್ಣ ಅಂಚು ಉಂಟು. ಮ್ಯಾಗಝಿನ್ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಮುಂದೆ ಸರಿಯುವುದೇ ಇಲ್ಲ. ಆಗ ಸ್ಲೈಡನ್ನು ಎಷ್ಟು ಎಳೆದರೂ ಉಪಯೋಗವಿಲ್ಲ, ಮ್ಯಾಗಝಿನ್ ಕಳಚಿ ತೋಟೆ ಬಿಡಿಸಬೇಕು. ಪ್ರತಿ ತೋಟೆಯನ್ನೂ ತುಂಬುವಾಗ ಅದರ ಅಂಚು ಕೆಳಗಿನದಕ್ಕಿಂತ ಮುಂದಿದೆಯೇ ಎಂದು ನೋಡಿಕೊಂಡರೆ ಇದು ತಪ್ಪುತ್ತದೆ.

ತೋಟೆಯ ಲೆಕ್ಕ ಇಲ್ಲಿ ಬರುತ್ತದೆ. ಹೊಸ ಪಿಸ್ತೂಲೊಂದನ್ನು ನಂಬಬೇಕಾದರೆ ನೀವು ಬಳಸುವ ತೋಟೆಯನ್ನೇ, ನಿಮ್ಮಲ್ಲಿರುವ ಪ್ರತಿ ಮ್ಯಾಗಝಿನ್‌ನಲ್ಲೂ ಹಾಕಿ, ಒಟ್ಟು 150 ಸುತ್ತಾದರೂ ತಡೆಯಿಲ್ಲದೆ ಹಾರಿಸಿ ನೋಡಬೇಕು. ಲೈಸೆನ್ಸಿನಲ್ಲಿ ವರ್ಷಕ್ಕೆ 50 ಎಂದಿದ್ದರೆ ಬರೀ ಪರೀಕ್ಷೆಗೇ ಮೂರು ವರ್ಷದ ಪಾಲು ಮುಗಿಯಿತು. ಜಾಮ್ ಬಿಡಿಸುವುದು ಕೈಗೆ ಕೂತಿರಬೇಕಾದರೆ ಅದಕ್ಕೆ ಮತ್ತಷ್ಟು. ರಿವಾಲ್ವರಿನಲ್ಲಿ ಸಿಲಿಂಡರಿನ ಆರು ಕೋಣೆಗೂ ಮೂರು ಮೂರರಂತೆ 18 ಸುತ್ತು ಹಾರಿಸಿದರೆ ಯಂತ್ರದ ಗುಣ ತಿಳಿಯುತ್ತದೆ. ಉಳಿದದ್ದು ಟ್ರಿಗರ್ ಅಭ್ಯಾಸ, ಅದನ್ನು ಡಮ್ಮಿ ತೋಟೆ ಹಾಕಿ ಮನೆಯಲ್ಲೇ ಮಾಡಬಹುದು. ದಿನಕ್ಕೆ 20 ಎಳೆತ, ನಿಜವಾದ ತೋಟೆ ಬೇರೆ ಕೋಣೆಯಲ್ಲಿ, ಮುಂದೆ ಗಟ್ಟಿ ಗೋಡೆ. ಡಬಲ್ ಆಕ್ಷನ್‌ನಲ್ಲಿ, ಅಂದರೆ ಟ್ರಿಗರ್ ಎಳೆತವೇ ಹ್ಯಾಮರನ್ನೂ (ತೋಟೆ ಸಿಡಿಸುವ ಸುತ್ತಿಗೆ) ಎತ್ತಿ ಬಿಡುವಾಗ, ರಿವಾಲ್ವರಿನ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ಐದು ಕಿಲೋ ಆಸುಪಾಸು ಬಲ ಬೇಕು. ಮೊದಲ ವಾರ ಬೆರಳು ನೋಯುತ್ತದೆ, ಎರಡನೆಯ ತಿಂಗಳಿಗೆ ಸೈಟು ಅಲುಗುವುದು ನಿಲ್ಲುತ್ತದೆ. ಹ್ಯಾಮರ್ ಎಳೆದಿಟ್ಟು ಹಗುರ ಟ್ರಿಗರಿನಲ್ಲಿ ಹೊಡೆಯುವುದನ್ನೇ ರೂಢಿ ಮಾಡಿಕೊಳ್ಳಬೇಡಿ. ಎಳೆದ ಹ್ಯಾಮರನ್ನು ತೋಟೆಯ ಮೇಲೆ ಮೆಲ್ಲಗೆ ಇಳಿಸುವಾಗ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ.

ತೋಟೆ ಸಿಡಿಯದಿದ್ದಾಗ ಏನು? ರಿವಾಲ್ವರಿನಲ್ಲಿ ಇನ್ನೊಮ್ಮೆ ಎಳೆದರೆ ಮುಂದಿನ ತೋಟೆ ಬರುತ್ತದೆ, ಹಳೆಯ ತೋಟೆ ಇಟ್ಟುಕೊಂಡಿರುವವರಿಗೆ ಇದು ದೊಡ್ಡ ಸಮಾಧಾನ. ಆದರೆ ರೇಂಜಿನಲ್ಲಿ ಹಾಗೆ ಮಾಡಬೇಡಿ. ‘ಟಿಕ್’ ಎಂದು ಸುಮ್ಮನಾದರೆ ಮೂತಿ ಗುರಿಯತ್ತಲೇ ಇಟ್ಟು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದುಂಟು. ಎಂದಿನ ಸದ್ದಿನ ಬದಲು ಮೆತ್ತಗೆ ‘ಪುಸ್’ ಎಂದರೆ ಇನ್ನೂ ಅಪಾಯ: ಮದ್ದು ಸಾಲದೆ ಗುಂಡು ನಳಿಗೆಯೊಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳುತ್ತದೆ. ಖಾಲಿ ಮಾಡಿ, ಹಿಂದಿನಿಂದ ಬೆಳಕು ಹಿಡಿದು ನಳಿಗೆಯಲ್ಲಿ ಆಚೆ ಬೆಳಕು ಕಾಣುತ್ತದೆಯೇ ನೋಡಿದ ಮೇಲೆಯೇ ಮುಂದಿನ ತೋಟೆ.

ಮೊದಲ ಬಂದೂಕು ರಿವಾಲ್ವರೇ ಆಗಲಿ ಎಂಬ ನಮ್ಮ ತೀರ್ಪಿಗೆ ಇನ್ನೊಂದು ಕಾರಣ ಇದಕ್ಕಿಂತಲೂ ತೂಕದ್ದು. ರಿವಾಲ್ವರು ತೆರೆದರೆ ಆರು ಕೋಣೆಯೂ ಕಣ್ಣೆದುರು. ತುಂಬಿದೆಯೋ ಖಾಲಿಯೋ ಎಂಬುದನ್ನು ಪಕ್ಕದಲ್ಲಿ ನಿಂತವರೂ ಹೇಳಬಹುದು. ಪಿಸ್ತೂಲಿನಲ್ಲಿ ಮ್ಯಾಗಝಿನ್ ತೆಗೆದರೂ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದ ಕೋಣೆಯಲ್ಲಿ, ಒಂದು ಉಳಿದಿರಬಹುದು, ಅದು ಹೊರಗೆ ಕಾಣುವುದಿಲ್ಲ. ಮೊದಲು ಮ್ಯಾಗಝಿನ್, ಆಮೇಲೆ ಸ್ಲೈಡ್, ಆಮೇಲೆ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಚೇಂಬರ್ ಪರೀಕ್ಷೆ. ಈ ಕ್ರಮ ತಪ್ಪಬಾರದು. ಸ್ಲೈಡ್ ಮೊದಲು ಎಳೆದು ಮ್ಯಾಗಝಿನ್ ಆಮೇಲೆ ತೆಗೆದರೆ ಒಂದು ತೋಟೆ ಹೊರಬಿದ್ದು ಇನ್ನೊಂದು ಒಳಗೆ ಹೋಗಿ ಕೂತಿರುತ್ತದೆ, ಹೊರಬಿದ್ದದ್ದನ್ನು ಕಂಡವರು ಖಾಲಿಯಾಯಿತೆಂದು ನಂಬುತ್ತಾರೆ. ನಮ್ಮಲ್ಲಿ ಬಂದೂಕು ಅಲಮಾರಿನಿಂದ ಹೊರಬರುವುದು ಹಾರಿಸುವುದಕ್ಕಿಂತ ತೋರಿಸುವುದಕ್ಕೇ ಹೆಚ್ಚು: ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು, ಲೈಸೆನ್ಸ್ ನವೀಕರಣಕ್ಕೆ ತಪಾಸಣೆ ಮಾಡಿಸಬೇಕು. ವರ್ಷಕ್ಕೆ ನಾಲ್ಕು ಸಲ ಮುಟ್ಟುವ ಕೈಗೆ ಕ್ರಮ ಮರೆಯುವುದು ಸಹಜ. ಮರೆತಾಗಲೂ ಕಣ್ಣಿಗೆ ಕಾಣುವ ಯಂತ್ರವೇ ಮೊದಲ ಬಂದೂಕಾಗಲಿ. ನಿರ್ಭೀಕ್‌ಗಿಂತ ಮಾರ್ಕ್ 3, ಮಾರ್ಕ್ 3ಕ್ಕಿಂತ ಪ್ರಬಲ್. ಪ್ರಬಲ್ ಸಿಗದಿದ್ದರೆ ಒಳ್ಳೆಯ ಸ್ಥಿತಿಯ ಮಾರ್ಕ್ 3ಕ್ಕೆ ಹಿಂಜರಿಯಬೇಕಿಲ್ಲ.

ಪಿಸ್ತೂಲು ಯಾರಿಗೆ? ರೈಫಲ್ ಕ್ಲಬ್ಬಿನ ಸದಸ್ಯರಾಗಿ ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗುವವರಿಗೆ, ಲೈಸೆನ್ಸಿನಲ್ಲಿ ತೋಟೆಯ ಪಾಲು ಧಾರಾಳವಾಗಿರುವವರಿಗೆ. ಅಂಥವರು ಕೊಳ್ಳುವಾಗಲೇ ಎರಡನೆಯ ಮ್ಯಾಗಝಿನ್ ಕೇಳಿ ಪಡೆಯಬೇಕು, ಆಮೇಲೆ ಹುಡುಕುವುದು ಕಷ್ಟ. ಬೆಳೆ ಕಾಯಲು ಬೇಕೆನ್ನುವವರಿಗೆ ಎರಡೂ ಬೇಡ. ಹಂದಿಗೆ ಹೆದರಿ .32 ಹಿಡಿಯುವುದು ಪ್ರಾಣಕ್ಕೆ ಅಪಾಯ. ಅದಕ್ಕೆ ಬೇಕಾದ್ದು 12 ಬೋರಿನ ಕೋವಿ, ಅದರ ಲೈಸೆನ್ಸು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಕೈಬಂದೂಕಿಗೆ ಅವರೂ ಲೈಸೆನ್ಸ್ ಮಾಡಿಸಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು ಎಂಬುದೂ ನೆನಪಿರಲಿ. ಮನೆಯಲ್ಲಿ ನಿಮ್ಮ ಹೆಸರಿಗೆ ಜೋಡುನಳಿಗೆ ಇದ್ದರೆ ಉಳಿದಿರುವುದು ಒಂದೇ ಜಾಗ.

ಬೆಲೆ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ, ಹಳೆಯ ದರಪಟ್ಟಿ ನಂಬಿ ಹೋದರೆ ಹಣ ಸಾಲದು. ಈ ಏರಿಕೆಯಿಂದಾಗಿ ಹಳೆಯ ರಿವಾಲ್ವರ್ ಕಡೆಗೆ ಮನಸ್ಸು ಹೋಗುವುದು ಸಹಜ. ಹಾಗೆ ಕೊಳ್ಳುವವರು ಖಾಲಿ ಮಾಡಿಸಿಕೊಂಡು ನಾಲ್ಕು ಪರೀಕ್ಷೆ ಮಾಡಲೇಬೇಕು. ಸಿಲಿಂಡರಿನ ಮೇಲೆ ಬೆರಳನ್ನು ಹಗುರವಾಗಿ ಒತ್ತಿ ಹ್ಯಾಮರನ್ನು ನಿಧಾನ ಎಳೆಯಿರಿ: ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರು ಬೀಗ ಬಿದ್ದಿರಬೇಕು, ಆರೂ ಕೋಣೆಗೆ ಹೀಗೆಯೇ. ಬೀಗ ಬೀಳದ ಕೋಣೆಯಿದ್ದರೆ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸ ಪಕ್ಕಕ್ಕೆ ಸಿಡಿಯುತ್ತದೆ. ಎರಡನೆಯದಾಗಿ ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ, ಕಣ್ಣಿಗೆ ಕಾಣುವಷ್ಟು ಸರಿದಾಡಿದರೆ ಬಿಡಿ. ಮಡಚುವ ಮಾದರಿಯಾದರೆ ನಳಿಗೆಯನ್ನೂ ಹಿಡಿಯನ್ನೂ ಹಿಡಿದು ತಿರುಚಿ. ಕೊಂಡಿಯ ಬಳಿ ‘ಲೊಟಕ್’ ಎಂದರೆ ಸವೆದಿದೆ ಎಂದರ್ಥ, ಇದರ ರಿಪೇರಿ ಸುಲಭದ್ದಲ್ಲ. ಕೊನೆಗೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ಉಂಗುರದಂಥ ಕಪ್ಪು ನೆರಳು ಕಂಡರೆ ಅದು ಒಮ್ಮೆ ಉಬ್ಬಿದ ನಳಿಗೆ. ತೀರ ಹಳೆಯ ವಿದೇಶಿ ರಿವಾಲ್ವರುಗಳಲ್ಲಿ ಬಿದ್ದರೆ ಸಿಡಿಯದಂತೆ ತಡೆಯುವ ಭಾಗ ಇರುವುದಿಲ್ಲ, ಹ್ಯಾಮರಿನ ಎದುರಿನ ಕೋಣೆ ಖಾಲಿ ಬಿಟ್ಟು ಐದೇ ತುಂಬಬೇಕು.

ಮಲೆನಾಡು, ಕರಾವಳಿಯವರಿಗೆ ಮಳೆಗಾಲ ಪ್ರತ್ಯೇಕ ಸಮಸ್ಯೆ. ತೊಗಲಿನ ಹೋಲ್ಸ್ಟರಿನಲ್ಲೇ ಇಟ್ಟು ಬೀರುವಿಗೆ ಸೇರಿಸಿದರೆ ಜೂನ್‌ನಲ್ಲಿ ಇಟ್ಟದ್ದು ಆಗಸ್ಟ್‌ಗೆ ತುಕ್ಕು ಹಿಡಿದಿರುತ್ತದೆ. ತೊಗಲು ತೇವ ಹೀರಿ ಲೋಹಕ್ಕೆ ಅಂಟಿಸಿಡುತ್ತದೆ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆಗೆ, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ತೋಟೆ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಬೇರೆ. ತೆಂಗಿನೆಣ್ಣೆ ಹಚ್ಚಬೇಡಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ, ಫೈರಿಂಗ್ ಪಿನ್ ಓಡುವ ಜಾಗದಲ್ಲಿ ಸೇರಿಕೊಂಡರೆ ಹ್ಯಾಮರ್ ಬಿದ್ದರೂ ತೋಟೆಯ ಬುಡದ ಕ್ಯಾಪ್ ಸಿಡಿಯುವುದಿಲ್ಲ. ಬಂದೂಕಿನ ಎಣ್ಣೆ ಎರಡು ಹನಿ ಸಾಕು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ತೋಟೆಯ ಬುಡಕ್ಕೆ ಎಣ್ಣೆ ಇಳಿದರೆ ಅದೂ ಕೆಡುತ್ತದೆ. ಠಾಣೆಗೆ ಒಪ್ಪಿಸುವ ಮುನ್ನ ಎಣ್ಣೆ ಹಚ್ಚಿ, ಸೀರಿಯಲ್ ನಂಬರು, ಈಗಾಗಲೇ ಇರುವ ಗೀರುಗಳ ಫೋಟೊ ತೆಗೆದಿಟ್ಟು, ರಸೀದಿಯಲ್ಲಿ ಮಾದರಿ, ನಂಬರು, ತೋಟೆಯ ಎಣಿಕೆ ಮೂರೂ ಬರೆಸಿಕೊಳ್ಳಿ. ಮತಎಣಿಕೆ ಮುಗಿದು ವಾಪಸ್ ಸಿಕ್ಕ ದಿನವೇ ನಳಿಗೆಗೆ ಬ್ರಷ್ ಹಾಕಿ ಒಣಗಿಸಿ, ಮರುದಿನಕ್ಕೆ ಬಿಡಬೇಡಿ.